ಎಂದಿನಂತೆ ಇದ್ದಾರೆಯೇ?

ಕಡಿಮೆ ಮಾತಾಡುವವರ ಬಗ್ಗೆ ಲೋಕಕ್ಕೆ ವಿನಾಕಾರಣ ಒಂದು ಗೌರವವಿದೆ. ಸುಮ್ಮನೆ ಕೂತವನು ಏನೋ ದೊಡ್ಡದನ್ನೇ ಯೋಚಿಸುತ್ತಿರಬೇಕು ಎಂದು ಜನ ತಾವಾಗಿಯೇ ತೀರ್ಮಾನಿಸಿಬಿಡುತ್ತಾರೆ. ಈ ಗೌರವದ ನೆರಳಿನಲ್ಲಿ ನಾನು ಕೊಪ್ಪದಲ್ಲಿ ಇಷ್ಟು ವರ್ಷ ಆರಾಮಾಗಿ ಕಳೆದಿದ್ದೇನೆ. ನಿಜ ಹೇಳಬೇಕೆಂದರೆ, ಎದುರಿಗಿರುವವರ ಜೊತೆ ಏನು ಮಾತಾಡಬೇಕೆಂದು ನನಗೆ ಹೊಳೆಯುವುದೇ ಇಲ್ಲ. ಹೊಳೆಯುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ನನ್ನ ಕಸುಬೂ ಇದಕ್ಕೆ ಹೇಳಿ ಮಾಡಿಸಿದಂಥದ್ದು. ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ. ಅಲ್ಲಿಗೆ ಬಂದವರಿಗೆ ಹೇಳಬೇಕಾದ್ದು ಮೂರೇ ಮಾತು: ಕೈ ಚಾಚಿ, ಮುಷ್ಟಿ ಬಿಗಿ ಮಾಡಿ, ಸಂಜೆ ಬನ್ನಿ. ಈ ಮೂರು ಮಾತಿನ ಬಂಡವಾಳದಲ್ಲಿ ಒಬ್ಬ ಮನುಷ್ಯ ಮದುವೆಯಾಗದೆ ಐವತ್ತೆಂಟು ವರ್ಷ ಬದುಕಬಹುದು ಎನ್ನುವುದಕ್ಕೆ ನಾನೇ ಸಾಕ್ಷಿ.

ನನ್ನ ಕಾಯಿಲೆಯನ್ನೂ ನಾನೇ ಕಂಡುಹಿಡಿದೆ. ಅದರಲ್ಲಿ ಜಂಬ ಪಡುವಂಥದ್ದೇನೂ ಇಲ್ಲ. ರಕ್ತದ ಕೆಂಪು ಕಣಗಳು ಗಂಟೆಯೊಂದರಲ್ಲಿ ಎಷ್ಟು ಕೆಳಗಿಳಿಯುತ್ತವೆ ಎಂದು ಅಳೆಯುವ ಹೊಸ ಸ್ಟ್ಯಾಂಡು ತರಿಸಿದ್ದೆ. ಅದು ಸರಿಯಿದೆಯೋ ಇಲ್ಲವೋ ನೋಡೋಣವೆಂದು ನನ್ನದೇ ರಕ್ತ ಹಾಕಿದೆ. ಕಣಗಳು ದಡದಡನೆ ತಳ ಸೇರಿದವು. ಸ್ಟ್ಯಾಂಡಿಗೆ ಬೈದು, ಮಾರಿದವನಿಗೆ ಫೋನು ಮಾಡಿದೆ. ಅವನು ಬೇರೆ ಕಳಿಸಿದ; ಅದರಲ್ಲೂ ಅದೇ ಕಥೆ. ಸೂಕ್ಷ್ಮದರ್ಶಕದಲ್ಲಿ ಇಣುಕಿದರೆ ಕಣಗಳು ಒಂದರ ಮೇಲೊಂದು ಹಪ್ಪಳ ಪೇರಿಸಿಟ್ಟ ಹಾಗೆ ಅಂಟಿಕೊಂಡಿದ್ದವು. ಪುಸ್ತಕದಲ್ಲಿ ಓದಿದ್ದು ಎದುರಿಗೇ ಇತ್ತು. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರು. ಅಂದು ಯಾರಿಗೂ ಸಂಜೆ ಬನ್ನಿ ಎಂದು ಹೇಳುವ ಅಗತ್ಯ ಬೀಳಲಿಲ್ಲ. ರಿಪೋರ್ಟು ಒಯ್ಯಬೇಕಾದವನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಹೋಗಿ ಬಂದು ಮಾಡಿ, ಮಾತ್ರೆ ಇಂಜೆಕ್ಷನ್ನುಗಳಿಂದ ಎರಡು ವರ್ಷ ಅದನ್ನು ಹತೋಟಿಯಲ್ಲಿಟ್ಟಿದ್ದಾಯಿತು. ಊರಲ್ಲಿ ಕೇಳಿದವರಿಗೆ ಟ್ರೇನಿಂಗ್ ಇದೆ ಎಂದಿದ್ದೆ. ಈ ವಯಸ್ಸಲ್ಲಿ ಎಂಥ ಟ್ರೇನಿಂಗು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ.

ಈ ವರ್ಷ ಕಾಯಿಲೆ ಮತ್ತೆ ತಲೆ ಎತ್ತಿತು. ದೊಡ್ಡ ಡಾಕ್ಟರಮ್ಮ ಹೇಳಿದರು, ಹೊಸದೊಂದು ಪ್ರತಿಕಾಯದ, ಅಂದರೆ ಆಂಟಿಬಾಡಿಯ, ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುತ್ತಿದ್ದೇವೆ, ಒಪ್ಪುವುದಾದರೆ ನಿಮ್ಮನ್ನೂ ಸೇರಿಸಿಕೊಳ್ಳುತ್ತೇವೆ ಎಂದು. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಈ ಆಂಟಿಬಾಡಿಗೆ ಎರಡು ಕೈ. ಒಂದು ಕೈ ಕ್ಯಾನ್ಸರಿನ ಕಣವನ್ನು ಹಿಡಿಯುತ್ತದೆ, ಇನ್ನೊಂದು ನಮ್ಮದೇ ಮೈಯ ಕಾವಲಿನ ಕಣವನ್ನು ಹಿಡಿದು ತಂದು ಎದುರಿಗೆ ನಿಲ್ಲಿಸುತ್ತದೆ. ಮುಂದಿನದನ್ನು ಅವರವರೇ ನೋಡಿಕೊಳ್ಳುತ್ತಾರೆ. ಇಷ್ಟು ವರ್ಷ ಒಬ್ಬ ಮದುವೆ ದಲ್ಲಾಳಿಯನ್ನೂ ಹೊಸ್ತಿಲು ದಾಟಲು ಬಿಡದವನ ನರದೊಳಕ್ಕೇ ಒಬ್ಬ ದಲ್ಲಾಳಿ ಬರುತ್ತಾನಲ್ಲ ಎಂದು ನನಗೆ ನಗು ಬಂತು. ಡಾಕ್ಟರಮ್ಮ ನಗಲಿಲ್ಲ. ಬೇರೆ ದಾರಿ ಹೆಚ್ಚೇನೂ ಉಳಿದಿಲ್ಲ ಎಂದೂ ಅವರೇ ಹೇಳಿದ್ದು.

ಒಂದು ಷರತ್ತಿತ್ತು. ಈ ಔಷಧಿ ಕೆಲವರಲ್ಲಿ ಬುದ್ಧಿಯನ್ನು ಸ್ವಲ್ಪ ದಿನ ಮಂಕು ಮಾಡುತ್ತದಂತೆ. ಮಾತು ತಡವರಿಸಬಹುದು, ಸ್ವಭಾವ ಬದಲಾಗಬಹುದು. ರೋಗಿಗೆ ಅದು ತಿಳಿಯುವುದಿಲ್ಲ, ಜೊತೆಗಿರುವವರೇ ಗುರುತಿಸಬೇಕು. ಹಾಗಾಗಿ ಹತ್ತು ದಿನ ಆಸ್ಪತ್ರೆಯಲ್ಲಿ ಒಬ್ಬರು ಜೊತೆಗಿರಲೇಬೇಕು. ಅವರು ದಿನಕ್ಕೆ ಮೂರು ಬಾರಿ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು: ರೋಗಿಯು ಎಂದಿನಂತೆ ಇದ್ದಾರೆಯೇ? ಜೊತೆಗಾರರಿಲ್ಲದೆ ಯಾರನ್ನೂ ಸೇರಿಸಿಕೊಳ್ಳುವಂತಿಲ್ಲ. ಫಾರಂ ಹಿಡಿದುಕೊಂಡು ಕೊಪ್ಪಕ್ಕೆ ವಾಪಸಾದೆ. ಹತ್ತು ದಿನ ಬಿಡುವು ಮಾಡಿಕೊಂಡು ಬರುವವರನ್ನು ಹೇಗಾದರೂ ಹುಡುಕಬಹುದು. ನಾನು ಎಂದಿನಂತೆ ಹೇಗಿರುತ್ತೇನೆ ಎಂದು ಗೊತ್ತಿರುವವರನ್ನು ಎಲ್ಲಿಂದ ತರುವುದು?

ಮೊದಲು ಶೃಂಗೇರಿಗೆ ಹೋದೆ. ಅಲ್ಲಿ ನನ್ನ ಚಿಕ್ಕಪ್ಪನ ಮಗ ಅನಂತನ ಸ್ಟೇಷನರಿ ಅಂಗಡಿ ಇದೆ, ಹಿಂದೆಯೇ ಮನೆ. "ಎಂತ ಮಾರಾಯ, ಅಪರೂಪ" ಎಂದು ಒಳಗೆ ಕರೆದು ಕೂರಿಸಿದ. ನಮ್ಮ ಕಡೆ ಒಂದು ಕ್ರಮವಿದೆ. ಬಂದ ಕೆಲಸವನ್ನು ಬಂದ ಕೂಡಲೇ ಹೇಳಬಾರದು. ಕಾಫಿ ಕುಡಿದು, ಅಡಿಕೆಯ ಎಲೆಚುಕ್ಕಿ ರೋಗದ ವಿಷಯ ಮುಗಿಸಿ, ಊಟಕ್ಕೆ ನಿಲ್ಲು ಅಂದದ್ದಕ್ಕೆ ಬೇಡ ಅಂದು, ಕೊನೆಗೆ ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿಕೊಳ್ಳುವಾಗ, ಈಗ ತಾನೇ ನೆನಪಾಯಿತು ಅನ್ನುವ ಹಾಗೆ ಹೇಳಬೇಕು. ನಾನು ಎಲ್ಲವನ್ನೂ ಕ್ರಮಪ್ರಕಾರವೇ ಮಾಡಿದೆ. ನಡುವೆ ಅನಂತನ ಹೆಂಡತಿ ತಮ್ಮ ಥೈರಾಯ್ಡ್ ರಿಪೋರ್ಟು ತಂದು ತೋರಿಸಿದರು. ನನ್ನನ್ನು ಕಂಡರೆ ಎಲ್ಲರಿಗೂ ಬೀರುವಿನಲ್ಲಿರುವ ರಿಪೋರ್ಟು ನೆನಪಾಗುತ್ತದೆ. ಓದಿ ಹೇಳಿದೆ. ಚಪ್ಪಲಿ ಮೆಟ್ಟಿಕೊಂಡು "ಮತ್ತೆ..." ಅಂದೆ. ಅಷ್ಟರಲ್ಲಿ ಅನಂತ ಒಂದು ಕಟ್ಟು ಕೆಸುವಿನ ಎಲೆ ಕೈಗಿತ್ತು, ಬಸ್ಸು ಬಂತು ಓಡು ಎಂದ. ಓಡಿದೆ.

ನರಸಿಂಹರಾಜಪುರದಲ್ಲೂ ಅದೇ ಆಯಿತು. ಅಲ್ಲಿರುವುದು ನನ್ನ ಜೊತೆ ಓದಿದ ಕೃಷ್ಣಮೂರ್ತಿ. ನನ್ನನ್ನು ಕಂಡದ್ದೇ ತಡ, ಅವನ ಸಕ್ಕರೆ, ಅವನ ಕೊಬ್ಬು, ಅವನ ಮಂಡಿನೋವು ಎಲ್ಲ ಸಾಲಾಗಿ ಬಂದವು. ಚಪ್ಪಲಿ ಮೆಟ್ಟುವ ಹೊತ್ತಿಗೆ ಅವನೇ ಕೇಳಿದ, "ನಿಂಗೆ ಬಿಡು, ಊರಿನವರ ರಕ್ತ ಎಲ್ಲ ನೋಡ್ತೀಯ. ನಿಂಗೆಂತ ಆಗ್ತದೆ?" ಹೌದು, ನನಗೇನಾಗುತ್ತದೆ ಎಂದು ನಾನೂ ನಕ್ಕೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಅಳು ಬಂತು. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದ್ದರಿಂದ ಅಡ್ಡಿಯಾಗಲಿಲ್ಲ. ಒಬ್ಬನೇ ಇರುವುದು ನನಗೆ ರೂಢಿ ಎಂದುಕೊಂಡು ಬಂದಿದ್ದೆ. ಅಂದು ಮಾತ್ರ ನಾನು ಬಹಳ ಒಂಟಿ ಅನ್ನಿಸಿತು, ಮತ್ತು ಹಾಗನ್ನಿಸಿದ್ದನ್ನು ಹೇಳಲೂ ಯಾರಿಲ್ಲ ಎಂದು ಇನ್ನಷ್ಟು ಬೇಜಾರಾಯಿತು.

ಫಾರಂ ಲ್ಯಾಬಿನ ಮೇಜಿನ ಮೇಲೆ ವಾರವಿಡೀ ಬಿದ್ದುಕೊಂಡಿತ್ತು. ನನ್ನ ಲ್ಯಾಬಿನಲ್ಲಿ ಗುಡಿಸಿ ಒರೆಸಿ ಗಾಜಿನ ಕೊಳವೆಗಳನ್ನು ತೊಳೆಯುವವರು ಬಾಳಗಡಿಯ ಸುಶೀಲಮ್ಮ. ಗಂಡ ತೀರಿಕೊಂಡ ಮೇಲೆ, ಹನ್ನೆರಡು ವರ್ಷದಿಂದ ಇದ್ದಾರೆ. ಮಧ್ಯಾಹ್ನದ ಊಟದ ತನಕ ಇಲ್ಲಿ, ಆಮೇಲೆ ತೋಟದ ಕೆಲಸಕ್ಕೆ. ಅವರೊಡನೆ ನನ್ನ ಮಾತು ನೀರು ಬಂತಾ, ಸೋಪು ಖಾಲಿಯಾ ಎನ್ನುವಷ್ಟಕ್ಕೇ. ಒಂದು ಬೆಳಿಗ್ಗೆ ಅವರು ಮೇಜು ಒರೆಸುತ್ತಾ ಫಾರಂ ಎತ್ತಿ ಹಿಡಿದರು.

"ಈ ಕಾಗದ ಎಷ್ಟು ದಿನ ಅಂತ ಹೀಗೇ ಇಟ್ಕಂಡಿರ್ತೀರಿ ಸಾರ್? ಕನ್ನಡದಲ್ಲೇ ಉಂಟಲ್ಲ, ನಾನೂ ಓದಿದೆ. ನನ್ನ ಹೆಸರು ಬರೀರಿ."

ನಾನು ಪೆನ್ನು ಹುಡುಕುತ್ತಾ, ಜನ ಏನಾದರೂ ಅಂದುಕೊಂಡಾರು ಎಂದು ಗೊಣಗಿದೆ. ಈ ವಯಸ್ಸಿನಲ್ಲಿ ಅಂದುಕೊಂಡರೆ ಇಬ್ಬರಿಗೂ ಒಳ್ಳೆಯದೇ ಆಯಿತಲ್ಲ ಎಂದು ಅವರು ಒರೆಸುವ ಬಟ್ಟೆ ಹಿಂಡಿದರು.

ಆಸ್ಪತ್ರೆ ಸೇರಿದ ದಿನ ನರ್ಸು ನನ್ನ 'ಎಂದಿನ' ಸ್ವಭಾವವನ್ನು ಸುಶೀಲಮ್ಮನನ್ನು ಕೇಳಿ ಬರೆದುಕೊಂಡರು. ಇವರಿಗೇನು ಗೊತ್ತಿರುತ್ತದೆ ಎಂದು ನಾನು ಗೋಡೆ ನೋಡುತ್ತಾ ಮಲಗಿದ್ದೆ. ಸುಶೀಲಮ್ಮ ಒಂದೂ ತಡವರಿಸಲಿಲ್ಲ. ಮಾತು ಕಮ್ಮಿ. ಕಾಫಿ ಅರ್ಧ ಲೋಟ ಬಿಡುತ್ತಾರೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹುಡುಕುತ್ತಾರೆ. ಸಿಟ್ಟು ಬಂದರೆ ಸೂಕ್ಷ್ಮದರ್ಶಕಕ್ಕೆ ಬೈಯುತ್ತಾರೆ, ಮನುಷ್ಯರಿಗೆ ಬೈಯುವುದಿಲ್ಲ. ಯಾರದ್ದಾದರೂ ರಿಪೋರ್ಟು ಕೆಟ್ಟದು ಬಂದರೆ, ತೋಟದಿಂದ ಬರುವಾಗ ನೋಡಿದರೆ ಆ ದಿನ ಬೇಗ ಬಾಗಿಲು ಹಾಕಿರುತ್ತಾರೆ. ಈ ಕೊನೆಯದ್ದು ನನಗೇ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಒಬ್ಬರು ನನ್ನನ್ನು ನೋಡುತ್ತಿದ್ದರು ಅನ್ನುವುದೇ ನನಗೆ ಹೊಸ ಸುದ್ದಿ.

ದಿನಾ ನನಗೆ ಪರೀಕ್ಷೆ. ಇದು ಯಾವ ವರ್ಷ, ಯಾವ ಊರು, ನೂರರಿಂದ ಹತ್ತತ್ತು ಕಳೆಯುತ್ತಾ ಬನ್ನಿ, ಒಂದು ವಾಕ್ಯ ಬರೆಯಿರಿ. ನನ್ನ ಅಕ್ಷರ ನೋಡಿ ಚಿಕ್ಕ ಡಾಕ್ಟರು ಗಾಬರಿಯಾದರು. ಔಷಧಿ ಇನ್ನೂ ಕೊಟ್ಟಿರಲಿಲ್ಲ. ಆಮೇಲೆ ಇಂಜೆಕ್ಷನ್ನು ಮೆಟ್ಟಿಲು ಹತ್ತಿದ ಹಾಗೆ ಏರಬೇಕಿತ್ತು, ಮೊದಲು ಚೂರು, ಆಮೇಲೆ ಇನ್ನಷ್ಟು, ಕೊನೆಗೆ ಪೂರ್ತಿ. ಎರಡನೆಯದಕ್ಕೆ ವಿಪರೀತ ಜ್ವರ ಬಂತು. ಸುಶೀಲಮ್ಮ ಹಣೆಗೆ ಒದ್ದೆ ಬಟ್ಟೆ ಇಡುತ್ತಾ ಎರಡು ದಿನ ಸ್ಟೂಲಿನಿಂದ ಏಳಲಿಲ್ಲ. ಜ್ವರ ಇಳಿದ ಮಧ್ಯಾಹ್ನ ಕಣ್ಣು ಬಿಟ್ಟು ನೋಡಿದರೆ ಅಲ್ಲೇ ಕೂತಿದ್ದರು, ಮುಖ ಬಾಡಿತ್ತು. ನನ್ನ ಬಾಯಿಂದ ತಾನಾಗಿಯೇ ಬಂತು:

"ಸುಶೀಲಮ್ಮ, ನಿಮ್ದು ಊಟ ಆಯ್ತಾ?"

ಅವರು ನನ್ನನ್ನೇ ನೋಡಿದರು. ಬಟ್ಟೆಯನ್ನು ಬೇಸಿನ್ನಿಗೆ ಹಾಕಿ ಸರಸರನೆ ಹೊರಗೆ ಹೋದರು. ಊಟಕ್ಕೆ ಹೋದರು ಎಂದುಕೊಂಡೆ. ಬಂದದ್ದು ನರ್ಸು, ಚಿಕ್ಕ ಡಾಕ್ಟರು, ಹಿಂದೆ ದೊಡ್ಡ ಡಾಕ್ಟರಮ್ಮ. ಟಾರ್ಚು ಬಿಟ್ಟು ಕಣ್ಣು ನೋಡಿದರು. ವರ್ಷ ಹೇಳಿದೆ, ಊರು ಹೇಳಿದೆ, ನೂರರಿಂದ ಹತ್ತಕ್ಕೆ ಇಳಿದೆ. ಎಲ್ಲ ಸರಿಯಿತ್ತು. ಹಾಗಾದರೆ ಏನು ವ್ಯತ್ಯಾಸ ಕಂಡಿರಿ ಎಂದು ಡಾಕ್ಟರಮ್ಮ ಸುಶೀಲಮ್ಮನನ್ನು ಕೇಳಿದರು. ಅವರು ಸೆರಗು ಸರಿ ಮಾಡಿಕೊಂಡು ಮೆಲ್ಲಗೆ ಹೇಳಿದರು.

"ಊಟ ಆಯ್ತಾ ಅಂತ ಕೇಳಿದ್ರು ಮೇಡಂ. ಹನ್ನೆರಡು ವರ್ಷದಲ್ಲಿ ಒಂದು ದಿನ ಕೇಳಿದ್ದಿಲ್ಲ."

ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಬೇಕೆಂದೇ ಕೇಳಿದೆ ಎಂದು ನಾನು ಹೇಳಿದೆ. ಯಾಕೆ ಕೇಳಿದಿರಿ ಎಂದರು ಚಿಕ್ಕ ಡಾಕ್ಟರು. ಕಾರಣ ಹೇಳಲು ತಡವರಿಸಿದರು ಎಂದು ಅದನ್ನೂ ಬರೆದುಕೊಂಡರು. ಸ್ವಭಾವದ ಬದಲಾವಣೆಯೂ ಪಟ್ಟಿಯಲ್ಲಿದೆ, ಜೊತೆಗಾರರ ಮಾತನ್ನು ತಳ್ಳಿಹಾಕುವಂತಿಲ್ಲ, ಒಂದು ದಿನ ಕಾಯೋಣ ಎಂದು ಡಾಕ್ಟರಮ್ಮ ತೀರ್ಮಾನಿಸಿದರು. ನಾಳೆ ಎಂದಿನಂತಾದರೆ ಪೂರ್ತಿ ಡೋಸು. ಇಲ್ಲವಾದರೆ ಔಷಧಿ ನಿಲ್ಲಿಸಬೇಕಾದೀತು.

ಮರುದಿನ ಮಧ್ಯಾಹ್ನ ಕ್ಯಾಂಟೀನಿನ ಹುಡುಗಿ ನನ್ನ ತಟ್ಟೆ ಇಟ್ಟು ಹೋದಳು. ಸುಶೀಲಮ್ಮ ಸ್ಟೂಲಿನ ಮೇಲೆ ಕೂತು ನನ್ನ ಬಾಯನ್ನೇ ನೋಡುತ್ತಿದ್ದರು. ಅವರು ಬೆಳಿಗ್ಗೆಯಿಂದ ಹೊರಗೆ ಹೋದದ್ದನ್ನು ನಾನು ಕಂಡಿರಲಿಲ್ಲ. ಕೇಳಬೇಕೆಂದು ನಾಲಗೆ ತುದಿಗೆ ಬಂದಿತ್ತು. ಕೇಳಿದರೆ ಔಷಧಿಯ ದೋಷ, ಕೇಳದಿದ್ದರೆ ಗುಣ. ನಾನು ತಲೆ ತಗ್ಗಿಸಿ ಅನ್ನ ಕಲಸಿದೆ. ನರ್ಸು ಫಾರಂ ಹಿಡಿದು ಬಂದರು. ಸುಶೀಲಮ್ಮ ಇನ್ನೂ ಸ್ವಲ್ಪ ಹೊತ್ತು ಕಾದು, "ಈಗ ಎಂದಿನ ಹಾಗೇ ಇದಾರೆ" ಎಂದರು. ಅವರ ದನಿ ಸ್ವಲ್ಪ ಇಳಿದ ಹಾಗಿತ್ತು. ಸಂಜೆ ಪೂರ್ತಿ ಡೋಸು ಕೊಟ್ಟರು.

ಈಗ ಕೊಪ್ಪಕ್ಕೆ ಬಂದು ಒಂದು ತಿಂಗಳಾಯಿತು. ರಕ್ತದಲ್ಲಿ ಸೇರಿಕೊಂಡಿದ್ದ ಕೆಟ್ಟ ಪ್ರೋಟೀನು ಇಳಿಯುತ್ತಿದೆ. ಸದ್ಯಕ್ಕೆ ಅದಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಪ್ರತಿ ಸೋಮವಾರ ಆಸ್ಪತ್ರೆಯಿಂದ ಸುಶೀಲಮ್ಮನಿಗೆ ಫೋನು ಬರುತ್ತದೆ. ಅವರು ಕೊಳವೆ ತೊಳೆಯುವುದು ನಿಲ್ಲಿಸಿ, ನನ್ನತ್ತ ಒಮ್ಮೆ ನೋಡಿ, ಎಂದಿನ ಹಾಗೇ ಇದಾರೆ ಎನ್ನುತ್ತಾರೆ. ಈ ಫೋನು ನಿಲ್ಲುವ ತನಕ, ಇನ್ನೂ ಮೂರು ತಿಂಗಳು ನಾನು ಹೀಗೇ ಇರಬೇಕು. ಅಲ್ಲಿಯವರೆಗೆ ಬೇರೆ ದಾರಿ ಕಾಣದೆ, ಮಧ್ಯಾಹ್ನ ಅವರು ಹಿತ್ತಲಿಗೆ ಹೋದಾಗ ಮೂಲೆಯಲ್ಲಿರುವ ಅವರ ಊಟದ ಡಬ್ಬಿಯನ್ನು ಮೆಲ್ಲಗೆ ಎತ್ತಿ, ಊಟ ಆಯಿತೋ ಇಲ್ಲವೋ ಎಂದು ಭಾರ ನೋಡುತ್ತೇನೆ. ನಿನ್ನೆ ಹಗುರ ಇತ್ತು.