ಒಡೆದು ನೋಡುವ ಮಾವ

ನಮ್ಮ ಸೋದರಮಾವನ ಕೈಗೆ ಸಿಕ್ಕಿ ಇಡಿಯಾಗಿ ಉಳಿದ ತಿಂಡಿ ಈ ಭೂಮಿಯ ಮೇಲೆ ಒಂದೂ ಇಲ್ಲ! ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲು. ಬೆಳಿಗ್ಗೆ ಹಬೆಯಿಂದ ಇಳಿದ ಮೊದಲ ಇಡ್ಲಿಯನ್ನು ಒಡೆದು, ಕನ್ನಡಕ ಏರಿಸಿ ಒಳಗಿನ ತೂತುಗಳನ್ನು ಪರೀಕ್ಷಿಸದೆ ಗಿರಾಕಿಗೆ ಒಂದು ಪ್ಲೇಟೂ ಹೋಗುತ್ತಿರಲಿಲ್ಲ. ಗಿರಾಕಿಯ ಲೋಕಲ್ ರೈಲು ತಪ್ಪಿದರೆ ತಪ್ಪಲಿ! "ಮೇಲಿಂದ ಎಲ್ಲಾ ಇಡ್ಲಿಯೂ ಚಂದವೇ ಮಾರಾಯ, ಕತೆ ಇರುದು ಒಳಗೆ" ಎನ್ನುವರು.

ಹೋಟೆಲಿಗೇ ನಿಂತಿದ್ದರೆ ಸರಿ. ಘೋಡಬಂದರ್ ರಸ್ತೆಯ ಒಂದು ಛತ್ರದಲ್ಲಿ ನನ್ನ ನಿಶ್ಚಿತಾರ್ಥ. ಬೀಗರು ತಂದ ಲಾಡುಗಳನ್ನು ಮಾವ ಒಂದೊಂದಾಗಿ ಒಡೆಯತೊಡಗಿದರು! ಹುಡುಗಿಯ ತಂದೆಯ ಮುಖ ಕೆಂಪೇರಿತು. ಮಾವನ ಹೆಂಡತಿ, ನಮ್ಮ ಅತ್ತೆ, ಕೈ ಹಿಡಿದೆಳೆದರು.

"ನಿಮಗೆ ನಾಚಿಕೆ ಉಂಟಾ?"

"ಹುಡುಗಿಯನ್ನಂತೂ ಒಡೆದು ನೋಡ್ಲಿಕ್ಕೆ ಆಗುದಿಲ್ಲ, ಲಾಡಾದರೂ ನೋಡುವ!"

ಮದುವೆ ಮುರಿಯದೆ ಉಳಿದದ್ದು ನನ್ನ ಪುಣ್ಯ.

ಹೋದ ವರ್ಷ ಅವರ ನೆತ್ತಿಯ ಪಕ್ಕ ಕಲ್ಲಿನಷ್ಟು ಗಟ್ಟಿಯಾದ ಗಂಟೊಂದು ಎದ್ದಿತು. "ಜಾಗ ಸಾಲದೆ ಬುದ್ಧಿ ಮೇಲೊಂದು ಮಾಳಿಗೆ ಕಟ್ಟಿಸ್ತಾ ಉಂಟು" ಎಂದು ಟೋಪಿ ಹಾಕಿಕೊಂಡರು. ಟೋಪಿಯೂ ಬಿಗಿಯಾದಾಗ ನಾನೇ ಥಾಣೆಯ ಆಸ್ಪತ್ರೆಗೆ ಸ್ಕ್ಯಾನಿಗೆ ಎಳೆದುಕೊಂಡು ಹೋದೆ.

ಪರದೆಯ ಮೇಲೆ ಮಾವನ ತಲೆಬುರುಡೆ. ಉಬ್ಬಿದ ಮೂಳೆಯೊಳಗೆ ಜೇನುಗೂಡಿನಂಥ ತೂತುಗಳು, ಸೂರ್ಯನ ಕಿರಣದಂತೆ ಹರಡಿದ ಎಳೆಗಳು. ಮೂಳೆಯೊಳಗಿನ ರಕ್ತನಾಳಗಳ ಗಂಟಿರಬೇಕು, ಅಪರೂಪದ್ದು, ಆದರೆ ಸಾಧು ಸ್ವಭಾವದ್ದು, ಕಾದು ನೋಡಬಹುದು ಎಂದರು ಡಾಕ್ಟರು. ನಾನು ಉಸಿರು ಬಿಟ್ಟೆ. ಮಾವ ಬಿಡಬೇಕಲ್ಲ!

"ತೂತು ಚಂದ ಬಿದ್ದಿದೆ" ಎಂದು ನನಗೆ ಹೇಳಿ, ಡಾಕ್ಟರ ಕಡೆ ತಿರುಗಿದರು. "ಸಾಬ್, ಯೇ ತೋ ಫೋಟೋ ಹೈ. ತೋಡ್‌ಕೇ ದೇಖೋ!"

"ಬರೋಬರ್ ಆಹೆ ಅಣ್ಣಾ" ಎಂದು, ಒಡೆದೇ ನೋಡಬೇಕೆಂಬ ಮಾತನ್ನು ಒಪ್ಪಿ ಡಾಕ್ಟರು ನಕ್ಕರು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು.

ತೆಳು ಗೋಡೆಯ ರಕ್ತನಾಳಗಳು ಕಾಣಬೇಕಿದ್ದಲ್ಲಿ ಕಂಡದ್ದು ಅಡ್ಡಾದಿಡ್ಡಿ ಬೆಳೆದ ಕೆಟ್ಟ ಕೋಶಗಳು. ಅವು ತಾವೇ ಹಸಿ ಮೂಳೆ ಹೆಣೆಯುತ್ತಿದ್ದವು. ಮೂಳೆಯ ಕ್ಯಾನ್ಸರು. ನನಗೆ ಅಳು ತಡೆಯಲಾಗಲಿಲ್ಲ. ಮಾವನೇ ನನ್ನ ಬೆನ್ನು ತಟ್ಟಿದರು. "ನಾನು ಹೇಳಿರ್ಲಿಲ್ವಾ?" ಅವರ ಮಾತೊಂದು ಸುಳ್ಳಾಗಲೆಂದು ನಾನು ಹರಕೆ ಹೊತ್ತದ್ದು ಅದೇ ಮೊದಲು.

ಶಸ್ತ್ರಕ್ರಿಯೆ, ಔಷಧಿ ಎಲ್ಲ ಆಯಿತು. ಕೊನೆಗೆ ಡಾಕ್ಟರು, ಇನ್ನು ಮನೆಯಲ್ಲೇ ಇರಲಿ ಎಂದರು. ಒಂದು ಬೆಳಿಗ್ಗೆ ಅತ್ತೆ ಇಡ್ಲಿ ತಂದಿಟ್ಟು ಕಾದು ನಿಂತರು. ಅತ್ತೆಯ ಇಡ್ಲಿಯನ್ನು ಮಾವ ಸಂಸಾರದುದ್ದಕ್ಕೂ ಒಡೆದು ಒಡೆದು ಗೇಲಿ ಮಾಡಿದವರು. ಅಂದು ಇಡಿಯಾಗಿ ಎತ್ತಿ, ಹಾಗೇ ಕಚ್ಚಿದರು.

"ಒಡೆದು ನೋಡುದಿಲ್ವಾ?" ಅತ್ತೆ ಕೇಳಿದರು.

"ಸಾಕು ಮಾರಾಯ್ತಿ, ನೋಡಿದ್ದು. ಚಂದ ಉಂಟು."