ನಾನು ತಿದ್ದಿದ ಹುಳದ ಮನೆ

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ರಕ್ತದೊತ್ತಡ. ನನಗಿರುವುದು ತಿದ್ದುವ ಕಾಯಿಲೆ. ಮೂವತ್ತೊಂದು ವರ್ಷ ಶಿಡ್ಲಘಟ್ಟದ ಸುತ್ತಮುತ್ತ ಡ್ರಾಯಿಂಗ್ ಮೇಷ್ಟರಾಗಿದ್ದು ನಾನು ಸಂಪಾದಿಸಿದ್ದು ಇದೊಂದನ್ನೇ. ನಿವೃತ್ತಿಯ ದಿನ ಹಾಕಿದ ಹಾರ ಸೊಟ್ಟಗಿದೆಯೆಂದು ವೇದಿಕೆಯ ಮೇಲೆಯೇ ಸರಿಮಾಡಿಕೊಂಡವನು ನಾನು. ಬೆಳಿಗ್ಗೆ ಹಾಲು ತರಲು ಹೋಗುವಾಗ ಎದುರುಮನೆಯ ರಂಗೋಲಿಯಲ್ಲಿ ಎಳೆ ತಪ್ಪಿದ್ದು ಕಂಡರೆ ಬಗ್ಗಿ ಜೋಡಿಸಿ ಮುಂದೆ ಹೋಗುತ್ತಿದ್ದೆ. ಆ ಮನೆಯವರು ಈಗ ನಾನು ಹಾಲು ತಂದು ಒಳಗೆ ಹೋದ ಮೇಲೆಯೇ ರಂಗೋಲಿ ಹಾಕುತ್ತಾರೆ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಹಸುವಿಗೆ ಐದು ಕಾಲು ಬಿಡಿಸಿದ್ದಳು. "ಇದೇನಮ್ಮ?" ಎಂದು ಕೇಳಿದರೆ, "ಹಸು ನಡೀತಾ ಐತೆ ಸಾರ್, ಅದಕ್ಕೇ" ಎಂದಳು. ನಾನು ರಬ್ಬರು ತೆಗೆದುಕೊಂಡು ಒಂದು ಕಾಲು ಅಳಿಸಿದೆ. ಹಸು ನಿಂತುಬಿಟ್ಟಿತು. ಹತ್ತಕ್ಕೆ ಆರು ಕೊಟ್ಟು ಕಳಿಸಿದೆ.

ಈ ಕಾಯಿಲೆಯನ್ನು ಮನೆಯಲ್ಲಿ ಸಹಿಸಿಕೊಂಡವಳು ನನ್ನ ಹೆಂಡತಿ ರತ್ನ. ಚಪಾತಿ ದುಂಡಗಿಲ್ಲ ಎಂದರೆ, "ಹೊಟ್ಟೆ ಒಳಗೆ ಕಂಪಾಸ್ ಇಟ್ಟು ಯಾರು ನೋಡ್ತಾರೆ, ತಿನ್ರೀ ಸುಮ್ನೆ" ಎನ್ನುತ್ತಿದ್ದಳು. ಹೋದ ವರ್ಷ ಅವಳಿಗೆ ಹೃದಯದ ತೊಂದರೆ ಶುರುವಾಯಿತು. ಓಡಾಡಬಾರದು, ಕೂತೇ ಇರಬೇಕು ಎಂದರು ಡಾಕ್ಟರು. ರತ್ನ ಕೂರುವ ಪೈಕಿಯಲ್ಲ. ಗೌರಿಬಿದನೂರಿನಲ್ಲಿರುವ ಮಗಳು ಸವಿತಾ ಇದನ್ನು ನೋಡಲಾರದೆ, ತನ್ನ ಮಗಳು ಆಡಿ ಬಿಟ್ಟಿದ್ದ ಪ್ಲಾಸ್ಟಿಕ್ ಬ್ಲಾಕ್ಸನ್ನು ಒಂದು ಚೀಲದ ತುಂಬ ತಂದುಕೊಟ್ಟಳು. ಒಂದರ ತಲೆಯ ಮೇಲಿನ ಗುಳ್ಳೆಗಳನ್ನು ಇನ್ನೊಂದರ ಹೊಟ್ಟೆಗೆ ಒತ್ತಿದರೆ ಟಕ್ಕೆಂದು ಕೂರುವ ಬಣ್ಣಬಣ್ಣದ ಪುಟ್ಟ ಇಟ್ಟಿಗೆಗಳವು. ರತ್ನ ಮೊದಲು ಒಂದು ಒಲೆ ಕಟ್ಟಿದಳು. ಆಮೇಲೆ ಒಂದು ಕೋಳಿ. ಆಮೇಲೆ ನನ್ನ ಮುಖ. ಕರಿಯ ಇಟ್ಟಿಗೆಯ ಕನ್ನಡಕ, ತೆರೆದ ಬಾಯಿ. "ಬಾಯಿ ಯಾಕೆ ತೆರೆದಿದೆ?" ಎಂದು ಕೇಳಿದೆ. "ಮುಚ್ಚಿದ್ರೆ ಗುರುತು ಸಿಗಲ್ಲ" ಎಂದಳು. ಅರವತ್ತರ ಹೆಂಗಸು ಮಕ್ಕಳ ಆಟಿಕೆ ಹಿಡಿದು ಕೂತಿದ್ದಾಳೆಂದು ಬಂದವರ ಮುಂದೆಲ್ಲ ನಗೆಯಾಡಿದೆ. ನಿಜ ಹೇಳಬೇಕೆಂದರೆ ಆ ನಗೆಯೊಳಗೆ ಹೊಟ್ಟೆಕಿಚ್ಚಿತ್ತು. ಅವಳ ಕೋಳಿ ಈಗಲೋ ಆಗಲೋ ಕಾಳು ಹೆಕ್ಕುವ ಹಾಗಿತ್ತು. ಮೂವತ್ತೊಂದು ವರ್ಷ ನಾನು ಬೋರ್ಡಿನ ಮೇಲೆ ಬಿಡಿಸಿದ ಯಾವ ಕೋಳಿಗೂ ಹಸಿವಿರಲಿಲ್ಲ.

ಆಮೇಲೆ ಅವಳು ಒಂದು ಹಲಗೆಯ ಮೇಲೆ ದೊಡ್ಡದೇನನ್ನೋ ಶುರುಮಾಡಿದಳು. ಎರಡು ತಿಂಗಳು ಅದೇ ಕೆಲಸ. ಏನೆಂದು ಕೇಳಿದರೆ, "ನಮ್ಮೂರ ಹುಳದ ಮನೆ" ಎಂದಳು. ಅವಳ ತವರು ಮುರುಗಮಲ್ಲದ ಹತ್ತಿರದ ಹಳ್ಳಿ. ಅವಳಪ್ಪ ರೇಷ್ಮೆಹುಳ ಸಾಕುತ್ತಿದ್ದರು. ಆ ಮನೆ ಬಿದ್ದುಹೋಗಿ ಎಷ್ಟೋ ಕಾಲವಾಯಿತು. ಹುಳಕ್ಕೆ ಸೊಪ್ಪು ಹಾಕುವ ತಟ್ಟೆಗಳು, ಗೂಡು ಕಟ್ಟಲು ಬಿಡುವ ಚಂದ್ರಿಕೆ, ಎಲ್ಲವನ್ನೂ ಅವಳು ಉಗುರಿನಷ್ಟು ಇಟ್ಟಿಗೆಗಳಲ್ಲಿ ಮಾಡಿಟ್ಟಿದ್ದಳು. ನನ್ನ ಕಣ್ಣಿಗೆ ಅದಾವುದೂ ಬೀಳಲಿಲ್ಲ. ಬಿದ್ದದ್ದು ತಪ್ಪುಗಳು. ಬಾಗಿಲು ಸೂರು ಮುಟ್ಟುವಷ್ಟು ಎತ್ತರ. ಎಡಗಡೆಯ ಗೋಡೆ ಹೊರಕ್ಕೆ ವಾಲಿದೆ. ಬಿಳಿ ಗೋಡೆಯ ನಡುವೆ ಎಲ್ಲೆಲ್ಲೋ ಒಂದೊಂದು ಕೆಂಪು ಇಟ್ಟಿಗೆ. "ಅಳತೆ ಸರಿಯಿಲ್ಲ ಕಣೇ" ಎಂದೆ. "ನಮ್ಮನೆ ಹಂಗೇ ಇದ್ದಿದ್ದು" ಎಂದು ಅವಳು ತಲೆಯೆತ್ತದೆ ಹೇಳಿದಳು.

ಅಷ್ಟರಲ್ಲಿ ಅವಳಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ಒಂಬತ್ತು ದಿನ. ಸವಿತಾ ಜೊತೆಯಲ್ಲಿದ್ದಳು. ನಾನು ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಹಿಂತಿರುಗುತ್ತಿದ್ದೆ. ಖಾಲಿ ಮನೆಯಲ್ಲಿ ಕೈ ಸುಮ್ಮನಿರಲಿಲ್ಲ. ಸ್ಕೇಲು ಇಟ್ಟುಕೊಂಡು ಹುಳದ ಮನೆಯನ್ನು ತಿದ್ದಿದೆ. ಬಾಗಿಲನ್ನು ಅಳತೆಗೆ ಇಳಿಸಿದೆ, ಗೋಡೆಯನ್ನು ನೆಟ್ಟಗೆ ಮಾಡಿದೆ, ಕೆಂಪನ್ನೆಲ್ಲ ಕಿತ್ತು ಬಿಳಿ ಜೋಡಿಸಿದೆ. ಪ್ರೀತಿಯಿಂದಲೇ ಮಾಡಿದೆ. ಅವಳು ಬಂದವಳೇ ನೋಡಿ ಹಿಗ್ಗಬೇಕು ಎಂಬ ಆಸೆ. ನನಗೆ ಪ್ರೀತಿ ತೋರಿಸಲು ಬರುತ್ತಿದ್ದದ್ದೂ ಅದೊಂದೇ ರೀತಿ.

ಬಂದಳು. ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. ಕೈಯಲ್ಲಿದ್ದ ಕಾಫಿ ಆರಿತು. ಕೊನೆಗೆ, "ಚೆನ್ನಾಗೈತೆ ಬಿಡಿ. ಇವಾಗ ಇದು ನಿಮ್ದಾಯ್ತು" ಎಂದಳು. ನಾನು ದಡ್ಡ, ಅದನ್ನು ಹೊಗಳಿಕೆ ಎಂದುಕೊಂಡೆ. ಆಮೇಲೆ ಅವಳು ಇಟ್ಟಿಗೆಗಳ ಚೀಲ ಮುಟ್ಟಲಿಲ್ಲ. ಸುಸ್ತಿರಬೇಕು ಎಂದುಕೊಂಡೆ. ಒಂದೂವರೆ ತಿಂಗಳಿಗೆ ಹೋಗಿಬಿಟ್ಟಳು.

ತಿಥಿಗೆ ಅವಳ ತಮ್ಮ ನಾರಾಯಣಪ್ಪ ಊರಿಂದ ಬಂದಿದ್ದ. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಹಲಗೆಯ ಮುಂದೆ ನಿಂತ. ಆ ಕಡೆಯವರ ಮಾತಿನಲ್ಲಿ ತೆಲುಗು ತಾನಾಗಿ ನುಸುಳುತ್ತದೆ.

"ಇದೇಮಿ ಬಾವ, ನಮ್ಮ ಹುಳದ ಮನೆ ಇದ್ದಂಗೈತೆ! ಆದ್ರೆ ಬಾಗ್ಲು ಇಷ್ಟು ಚಿಕ್ಕದಿರ್ಲಿಲ್ಲ."

"ಹಾಗಂದ್ರೆ?"

"ಅಕ್ಕ ಹತ್ತು ವರ್ಷದೋಳು. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆ ಮೇಲೆ ಹೊತ್ಕೊಂಡು ಬರೋಳು. ಬಗ್ಗಿದ್ರೆ ಹೊರೆ ಬಿದ್ದೋಗದು, ಅಳೋಳು. ನಮ್ಮಪ್ಪ ಒಂದಿನ ಹಾರೆ ತಗೊಂಡು ಬಾಗ್ಲು ಮೇಲಿನ ಗೋಡೆ ಒಡೆದಾಕ್ಬಿಟ್ಟ. 'ನನ್ನ ಮಗಳು ಯಾಕೆ ತಲೆ ಬಗ್ಗಿಸ್ಬೇಕು' ಅಂತ. ಊರೆಲ್ಲ ನಕ್ಕಿತ್ತು ಬಾವ, ಅಷ್ಟೆತ್ತರದ ಬಾಗ್ಲು ನೋಡಿ."

ಊರು ಬರೀ ನಕ್ಕಿತ್ತು, ನಾನು ಬಾಗಿಲನ್ನು ಇಳಿಸಿಯೇಬಿಟ್ಟಿದ್ದೆ. ವಾಲಿದ ಗೋಡೆ ಯಾಕೆ, ಕೆಂಪು ಇಟ್ಟಿಗೆ ಯಾಕೆ ಎಂದು ಕೇಳಿದೆ. ನಾರಾಯಣಪ್ಪ ತಲೆ ಕೆರೆದುಕೊಂಡ. "ಅದು ನಂಗೊತ್ತಿಲ್ಲ ಬಾವ, ನಾನು ಚಿಕ್ಕೋನು. ಅಕ್ಕನ್ನೇ ಕೇಳ್ಬೇಕಾಗಿತ್ತು."

ಅವನು ಹೋದ ಮೇಲೆ ಬಾಗಿಲನ್ನು ಮತ್ತೆ ಎತ್ತರಿಸಿದೆ. ಉಳಿದದ್ದು ಕೈಗೆ ಬರಲಿಲ್ಲ. ಗೋಡೆ ಎಷ್ಟು ವಾಲಿತ್ತು, ಎಷ್ಟು ಕೆಂಪು ಎಲ್ಲೆಲ್ಲಿ ಇದ್ದವು, ಒಂದೂ ನೆನಪಿಲ್ಲ. ಊರ ಮಕ್ಕಳ ತಪ್ಪುಗಳನ್ನೆಲ್ಲ ನೆನಪಿಟ್ಟುಕೊಂಡವನಿಗೆ ಹೆಂಡತಿಯ ಒಂದು ತಪ್ಪನ್ನು ಸರಿಯಾಗಿ ಮಾಡಲು ಬರುತ್ತಿಲ್ಲ. ಬೇಕೆಂದೇ ಗೋಡೆಯನ್ನು ವಾಲಿಸಿದರೆ ಅದು ನಾನು ವಾಲಿಸಿದ ಗೋಡೆಯಾಗುತ್ತದೆ. ಮನೆಗೆ ಬಂದವರು ಮಾತ್ರ, "ಅಮ್ಮಾರು ಎಷ್ಟು ನೀಟಾಗಿ ಕಟ್ಟವ್ರೆ ಮೇಷ್ಟ್ರೇ!" ಎನ್ನುತ್ತಾರೆ. ನಾನು ಹೂಂಗುಟ್ಟಿ ಕಾಫಿ ತರಲು ಒಳಗೆ ಹೋಗುತ್ತೇನೆ.

ಹಳೆಯ ಫೋಟೋ ಇದೆಯೇ ಎಂದು ಸವಿತಾಳನ್ನು ಕೇಳಿದೆ. ತಾನು ತೆಗೆದ ಒಂದಷ್ಟನ್ನು ನನ್ನ ಫೋನಿಗೆ ಕಳಿಸಿದಳು. ತಿದ್ದುವ ಮೊದಲಿನದು ಒಂದೇ ಒಂದು. ಅದರಲ್ಲಿ ರತ್ನ ಸೊಂಟಕ್ಕೆ ಕೈಕೊಟ್ಟು ಹುಳದ ಮನೆಯ ಮುಂದೆಯೇ ನಿಂತಿದ್ದಾಳೆ. ಅವಳ ಹಿಂದೆ ಸೂರಿನ ತುದಿ, ಬಲಗಡೆಯ ಗೋಡೆಯ ಚೂರು. ವಾರವಿಡೀ ಅದನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎಷ್ಟು ಹಿಗ್ಗಿಸಿದರೂ ಅವಳ ಸೆರಗೇ.

ಭಾನುವಾರ ಸವಿತಾ ಬಂದಳು. "ಏನಪ್ಪ, ಅಷ್ಟೊಂದು ನೋಡ್ತಾ ಇದೀಯ?" ಎಂದಳು.

"ನಿಮ್ಮಮ್ಮ ಸ್ವಲ್ಪ ಪಕ್ಕಕ್ಕೆ ನಿಂತ್ಕೊಂಡಿದ್ರೆ ಎಲ್ಲ ಕಾಣ್ತಿತ್ತು ಕಣಮ್ಮ."

ಅವಳು ಫೋನು ತೆಗೆದುಕೊಂಡು, ಹಿಗ್ಗಿದ ಚಿತ್ರವನ್ನು ಮೊದಲಿನಂತೆ ಚಿಕ್ಕದು ಮಾಡಿ, ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದಳು. ಆಗ ನೋಡಿದೆ ರತ್ನಳ ಮುಖವನ್ನು. ನಾನು ಎಂದೂ ಕಾಣದಷ್ಟು ಹೆಮ್ಮೆಯಿಂದ ನಗುತ್ತಿದ್ದಳು. ಹಣೆಯ ಕುಂಕುಮ ಒಂದು ಎಳೆಯಷ್ಟು ಸೊಟ್ಟಗಿತ್ತು. ನನಗೆ ತಿಳಿಯುವ ಮೊದಲೇ ನನ್ನ ಹೆಬ್ಬೆರಳು ಅದನ್ನು ಸರಿಮಾಡಲು ಹೋಯಿತು. ಬೆರಳು ಗಾಜಿನ ಮೇಲೆ ಜಾರಿದ್ದೇ ತಡ, ಅವಳು ಸರಿದುಹೋಗಿ ಮುಂದಿನ ಫೋಟೋ ಬಂತು. ಅದರಲ್ಲಿ ನಾನಿದ್ದೆ. ತಿದ್ದಿದ ಮನೆ ಪೂರ್ತಿ ಕಾಣುವ ಹಾಗೆ, ಸರಿಯಾಗಿ ಪಕ್ಕಕ್ಕೆ ನಿಂತಿದ್ದೆ.