ಚಿಕ್ಕಪ್ಪನ ಸೆಗ್ಮೆಂಟುಗಳು

ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ಡೊಂಬಿವಲಿಯ ನಮ್ಮ ಚಿಕ್ಕಪ್ಪನ ಚಾಳಿನಲ್ಲಿ, ವಠಾರದ ಕೋಣೆಗಳ ಮುಂದೆ ಉದ್ದಕ್ಕೂ ಹಾದ ಗ್ಯಾಲರಿ ಗೋಡೆಯಿಂದ ಒಂದು ಬೆರಳಿನಷ್ಟು ಸರಿಯಿತು. ಆಗ ಅದರ ಮೇಲೆ ಮೂವತ್ತು ಜನರಾದರೂ ನಿಂತಿದ್ದರು. ಆದರೆ ಚಿಕ್ಕಪ್ಪನನ್ನು ಕೇಳಿ ನೋಡಿ, ಅಲ್ಲಿ ಜನ ಇರಲೇ ಇಲ್ಲ, ನಾಲ್ಕು ಸೆಗ್ಮೆಂಟುಗಳು ನಿಂತಿದ್ದವು!

ಈ ರೋಗ ಅವರಿಗೆ ಅಂಟಿಸಿದವಳು ನಾನೇ. ಉಡುಪಿ ಕಡೆಯಿಂದ ಬಂದ ಚಿಕ್ಕಪ್ಪ ಚಾಳಿನ ಮೊದಲ ಮಹಡಿಯ ಒಂದು ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯಲ್ಲಿ, ಸಾರಿನ ಪುಡಿ ಮಾಡಿ ಮಾರುತ್ತಿದ್ದರು; ಮನೆ ಹಿಂದಿನ ಬೀದಿಯಲ್ಲಿ. ಠಾಣೆಯ ಜಾಹೀರಾತು ಕಚೇರಿಯೊಂದರಲ್ಲಿ ನನ್ನ ಕೆಲಸ. ಒಂದು ದಿನ ಅವರ ಪುಡಿಗೆ ಆನ್‌ಲೈನ್ ಜಾಹೀರಾತು ಹಾಕಿಕೊಟ್ಟೆ. ವಾರದ ಮೇಲೆ ಅದರ ವರದಿಯನ್ನೂ ಬಿಡಿಸಿ ತೋರಿಸಿದೆ: ನೋಡಿದವರಲ್ಲಿ ಹೆಂಗಸರೆಷ್ಟು, ಗಂಡಸರೆಷ್ಟು, ಯಾವ ವಯಸ್ಸು, ಯಾವ ಊರು, ಒತ್ತಿದವರು ಯಾರು, ಕೊಂಡವರು ಯಾರು. ಒಂದೊಂದು ಗುಂಪೂ ಒಂದು ಸೆಗ್ಮೆಂಟ್. ಚಿಕ್ಕಪ್ಪ ಕನ್ನಡಕ ಒರೆಸಿಕೊಂಡು ಎರಡು ಗಂಟೆ ಅದನ್ನೇ ನೋಡಿದರು. ಅಲ್ಲಿಗೆ ಮುಗಿಯಿತು.

ಅಂದಿನಿಂದ ಅವರ ಕಣ್ಣಿಗೆ ಮನುಷ್ಯರು ಬೀಳುವುದೇ ನಿಂತಿತು. ನೆಂಟರ ಮನೆಯ ನಾಮಕರಣದಲ್ಲಿ ಪಂಕ್ತಿಯನ್ನು ವಯಸ್ಸಿನ ಪ್ರಕಾರ ಕೂರಿಸಲು ಹೋಗಿ ಅಡುಗೆಭಟ್ಟರ ಕೈಲಿ ಬೈಸಿಕೊಂಡರು. ನಲವತ್ತೈದು ದಾಟಿದ ಹೆಂಗಸರು ‘ಶುದ್ಧ’ ಎಂದರೆ ತಿರುಗಿಯೂ ನೋಡುವುದಿಲ್ಲ, ‘ರುಚಿ’ ಎಂದರೆ ಒತ್ತುತ್ತಾರೆ ಎಂದು ಒಂದು ಸಂಜೆ ಮನೆಯಲ್ಲಿ ಘೋಷಿಸಿದರು. ಅದೇ ವಯಸ್ಸಿನ ಚಿಕ್ಕಮ್ಮ ಅಡುಗೆಮನೆಯಿಂದಲೇ ಹೇಳಿದರು: “ಊಟಕ್ಕೆ ಬನ್ನಿ ಅಂತ ಮೂರು ಸಲ ಕರೆದೆ. ಒಬ್ಬ ಗಂಡಸೂ ಒತ್ತಲಿಲ್ಲ. ಅದನ್ನೂ ಬರ್ಕೊಳ್ಳಿ.”

ಠಾಣೆಯಾಚೆಯ ಘಣಸೋಲಿಯ ಹುಡುಗರದ್ದಂತೂ ಬೇರೆಯೇ ಕಥೆ. ಹದಿನೆಂಟರಿಂದ ಇಪ್ಪತ್ತನಾಲ್ಕರ ಆ ಸೆಗ್ಮೆಂಟ್ ದಿನಾ ಜಾಹೀರಾತು ಒತ್ತುತ್ತಿತ್ತು, ಒಂದು ಪೊಟ್ಟಣವನ್ನೂ ಕೊಳ್ಳುತ್ತಿರಲಿಲ್ಲ. ಚಿಕ್ಕಪ್ಪ ಜನಗಣತಿಗೆ ಹೊರಟ ಗುಮಾಸ್ತರ ಹಾಗೆ ಇಸ್ತ್ರಿ ಅಂಗಿ ತೊಟ್ಟು ಘಣಸೋಲಿಗೆ ಹೋಗಿ, ಕಾಲೇಜಿನ ಗೇಟಿನಲ್ಲಿ ನಿಂತು ಹುಡುಗರನ್ನು ವಿಚಾರಿಸಿದರು. “ಅಂಕಲ್, ಸ್ಕ್ರೋಲ್ ಕರತೇ ಕರತೇ ಅಂಗೂಠಾ ಲಗ್ ಗಯಾ” ಎಂದನಂತೆ ಒಬ್ಬ, ಪರದೆ ಸರಿಸುತ್ತ ಸರಿಸುತ್ತ ಬೆರಳು ತಾಕಿತಷ್ಟೇ ಎಂದು. ಮರಳಿ ಬಂದವರು ಪುಸ್ತಕದಲ್ಲಿ ಬರೆದರು: ‘ಘಣಸೋಲಿ, ಗಂಡಸರು. ಕಾರಣ: ಹೆಬ್ಬೆರಳು.’ ಆ ಕ್ಷಣದಿಂದ ಇಡೀ ಘಣಸೋಲಿಯ ಯುವಜನತೆಗೆ ಸಾರಿನ ಪುಡಿ ಕಾಣಿಸದಂತೆ ಮಾಡಿಸಿದರು.

ಉಳಿತಾಯವಾದದ್ದನ್ನೆಲ್ಲ ಡೊಂಬಿವಲಿ, ಕಲ್ಯಾಣ, ಟಿಟ್ವಾಳಾದ ನಡುವಯಸ್ಸಿನ ಹೆಂಗಸರ ಮೇಲೆ ಸುರಿದರು. ಹೆಸರು, ವಯಸ್ಸು, ವಿಳಾಸ, ಫೋನ್ ನಂಬರು ತುಂಬಿದವರಿಗೆ ಒಂದು ಕೂಪನ್. ಭಾನುವಾರ ಒಂಬತ್ತಕ್ಕೆ ಬಂದು ತೋರಿಸಿದರೆ ಪುಡಿ ಪುಕ್ಕಟೆ. ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡು ನಾನೇ ಬಟನ್ ಒತ್ತಿದ್ದೆ. ಬಂದವರು ಅಂಗಳ, ಮೆಟ್ಟಿಲು, ಗ್ಯಾಲರಿ ಎಲ್ಲ ತುಂಬಿದರು. ಪ್ರತಿ ಮಳೆಗಾಲದಲ್ಲೂ ‘ಈ ಸಲ ಬೀಳುತ್ತದೆ’ ಎಂದು ಚಾಳಿನವರೆಲ್ಲ ಹೇಳುತ್ತಿದ್ದ ಗ್ಯಾಲರಿ!

ನಾನು ಕೆಳಗೆ ಅಂಗಳದಲ್ಲಿದ್ದೆ. ತೊಲೆ ಗೋಡೆಯಿಂದ ಬಿಡುತ್ತಿರುವುದು ನನಗೆ ಕಾಣುತ್ತಿತ್ತು. ಸುಣ್ಣದ ಪುಡಿ ಸಣ್ಣಗೆ ಉದುರುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದೆ, ದನಿ ಬರಲಿಲ್ಲ. ಈಗಲೂ ಗೋಡೆಯ ಮೇಲೆ ಎಲ್ಲಾದರೂ ಬಿರುಕು ಕಂಡರೆ ನನ್ನ ಬಾಯಿ ಹಾಗೆಯೇ ತೆರೆದುಕೊಳ್ಳುತ್ತದೆ.

ಮೆಟ್ಟಿಲ ತಲೆಯಲ್ಲಿ ನಿಂತಿದ್ದ ಚಿಕ್ಕಪ್ಪನೂ ಅದನ್ನು ಕಂಡರು. ಅವರು ‘ಓಡಿ’ ಎಂದಿದ್ದರೆ ಆ ಕಿರಿದಾದ ಮೆಟ್ಟಿಲಲ್ಲಿ ಏನಾಗುತ್ತಿತ್ತೋ! ಅವರು ಕೂಗಲಿಲ್ಲ. ಕೈಯಲ್ಲಿದ್ದ ಪಟ್ಟಿ ಬಿಡಿಸಿ, ಪಡಿತರ ಅಂಗಡಿಯವರ ದನಿಯಲ್ಲಿ, ಪೊಟ್ಟಣ ಇನ್ನು ಕೆಳಗೆ ಅಂಗಳದಾಚೆ ಗೇಟಿನ ಬಳಿ ಸಿಗುತ್ತದೆ, ನಾನು ಕರೆದವರು ಮಾತ್ರ ಒಬ್ಬೊಬ್ಬರಾಗಿ ಇಳಿಯಿರಿ ಎಂದು ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿದರು. ಮೊದಲು, ಐವತ್ತೈದು ದಾಟಿದ ಹೆಂಗಸರು.

ಒಬ್ಬರೂ ಕದಲಲಿಲ್ಲ. ನೆಲ ಕುಸಿಯುತ್ತಿದ್ದರೂ ಐವತ್ತೈದಾಗಲು ಯಾರಿಗೂ ಮನಸ್ಸಿಲ್ಲ! ಚಿಕ್ಕಪ್ಪ ತಡಮಾಡದೆ “ನಲವತ್ತೈದು ದಾಟಿದವರು” ಎಂದು ತಿದ್ದಿದರು. ಅರ್ಧ ಗ್ಯಾಲರಿ ಹೊರಟಿತು. ಆಮೇಲೆ ಕಲ್ಯಾಣದವರು, ಆಮೇಲೆ ಡೊಂಬಿವಲಿಯ ಹೆಂಗಸರು, ಆಮೇಲೆ ಜೊತೆಗೆ ಬಂದಿದ್ದ ಗಂಡಸರು. ಕೊನೆಗೆ ಖೋಲಿಗಳಲ್ಲಿ ಇಣುಕಿ ನೋಡಿ ಚಿಕ್ಕಪ್ಪ. ಅವರು ಕೊನೆಯ ಮೆಟ್ಟಿಲು ಇಳಿದದ್ದು ಒಂಬತ್ತೂ ಮೂವತ್ತೊಂದಕ್ಕೆ. ಗ್ಯಾಲರಿ ಬಿದ್ದದ್ದೂ ಅದೇ ನಿಮಿಷದಲ್ಲಿ.

ಅಗ್ನಿಶಾಮಕದವರು ಸಂಜೆಯವರೆಗೆ ಎಲ್ಲ ಎತ್ತಿ ನೋಡಿ, ಅಡಿಯಲ್ಲಿ ಯಾರೂ ಇಲ್ಲ ಎಂದು ಬರೆದುಕೊಟ್ಟರು. ಆದರೆ ಅವರಿಗೆ ಒಂದು ಚಪ್ಪಲಿ ಸಿಕ್ಕಿತ್ತು. ಹೆಂಗಸರದ್ದು, ಎಡಗಾಲಿನದು.

ಚಿಕ್ಕಪ್ಪ ಅದನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತರು. ಪೆಟ್ಟಾದವರನ್ನು ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ಕಾಲು ಮುರಿದು ಎಲ್ಲೋ ಬಿದ್ದುಕೊಂಡಿದ್ದರೆ? ಊಟವಿಲ್ಲ, ನಿದ್ದೆಯಿಲ್ಲ. ಪಟ್ಟಿಯ ಹೆಂಗಸರಿಗೆಲ್ಲ ಒಬ್ಬೊಬ್ಬರಾಗಿ ಫೋನು. “ಅಮ್ಮಾ, ನಿಮ್ಮ ಎರಡೂ ಚಪ್ಪಲಿ ಇವೆಯಾ?” ಬೈದವರೆಷ್ಟೋ, ಹೊಸ ಜಾಹೀರಾತಿರಬೇಕೆಂದು ಪುಡಿ ಕೇಳಿದವರೆಷ್ಟೋ! ಪಟ್ಟಿಯಲ್ಲಿ ಟಿಟ್ವಾಳಾದ ಒಂದೇ ನಂಬರು ಉಳಿಯಿತು. ಅದು ದಿನವೂ ಬಂದ್.

ಮುಂದಿನ ಶನಿವಾರ ನಾನೂ ಅವರೂ ಲೋಕಲ್ ಹತ್ತಿದೆವು. ಚಪ್ಪಲಿ ಪೇಪರಿನಲ್ಲಿ ಸುತ್ತಿಕೊಂಡು ಅವರ ಮಡಿಲಲ್ಲಿ. ವಿಳಾಸ ಹಿಡಿದು ಹೋಗಿ ಚಿಕ್ಕಪ್ಪ ಬಾಗಿಲು ಬಡಿದರು.

ಬಾಗಿಲು ತೆಗೆದವರು ವಿಜಾಪುರ ಕಡೆಯ ಒಬ್ಬ ಅಜ್ಜಿ. ಚಿಕ್ಕಪ್ಪ ಮೊದಲು ನೋಡಿದ್ದು ಅವರ ಕಾಲು. ಎರಡೂ ನೆಟ್ಟಗಿದ್ದವು.

“ಅವತ್ತ ಪಾವಟಗಿ ಮ್ಯಾಲ ಫೋನ್ ಬಿದ್ದು ಒಡೀತ್ರಿ,” ಎಂದರು ಅಜ್ಜಿ. ಪಾವಟಗಿ ಅಂದರೆ ಅವರ ಕಡೆ ಮೆಟ್ಟಿಲು. “ಚಪ್ಪಲ್ ತಗೋಳಾಕ ಬಗ್ಗಿದ್ದೆ. ನೀವೇ ಬ್ಯಾಡ ಅಂತ ಕೈ ಹಿಡದು ಕೆಳಗ ತನಕ ಇಳಿಸಿ, ಮತ್ತ ಮ್ಯಾಲ ಹೋದ್ರಿ. ನೆನಪಿಲ್ಲೇನು?”

ಚಿಕ್ಕಪ್ಪ ಅವರ ಮುಖವನ್ನು ಬಹಳ ಹೊತ್ತು ನೋಡಿದರು. ನೆನಪಿರಲಿಲ್ಲ. “ಇಲ್ಲಮ್ಮಾ,” ಎಂದವರು ಚಪ್ಪಲಿಯನ್ನು ಹೊಸ್ತಿಲಲ್ಲಿಟ್ಟು, ಅಲ್ಲೇ ಕುಳಿತು ಅತ್ತುಬಿಟ್ಟರು. ಅಜ್ಜಿ ಅವರ ಬೆನ್ನ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿ, ಇವರು ಉಂಡು ಎಷ್ಟು ದಿನವಾಯಿತು ಎಂದು ಕೇಳಿದರು.

ಎರಡು ರೊಟ್ಟಿ ತಿಂದರು. ಮರಳುವಾಗ ರೈಲಿನಲ್ಲಿ ನನ್ನ ಭುಜಕ್ಕೆ ಒರಗಿದವರನ್ನು ಡೊಂಬಿವಲಿಯಲ್ಲಿ ಎಬ್ಬಿಸಬೇಕಾಯಿತು. ಮನೆಗೆ ಬಂದವರೇ ಮತ್ತೆ ಮಲಗಿದರು. ಚಿಕ್ಕಮ್ಮ ಕುಕ್ಕರಿನ ಸೀಟಿ ಕೂಗದಂತೆ ಒಲೆ ಆರಿಸಿ, ಅನ್ನ ಬೇರೆ ಪಾತ್ರೆಯಲ್ಲಿ ಮಾಡಿದರು. ನಾನು ಅಲ್ಲೇ ಚಾಪೆಯ ಮೇಲೆ ಉರುಳಿದೆ. ಆ ಶನಿವಾರ ನಮ್ಮಿಬ್ಬರಿಗೂ ಬೆಳಗಿನವರೆಗೆ ಎಚ್ಚರವಾಗಲಿಲ್ಲ.